ಹಳದಿ ಓಡಿಹೋದ ಹಾವು

"ಬಣ್ಣ ತಪ್ಪು," ಎಂದ ಗೋಲಿ.

ಇಡೀ ಕ್ಲಾಸು ಅವನ ಕಡೆ ತಿರುಗಿತು. ಚುಕ್ಕಿಯ ಅಂಗೈ ಮೇಲಿದ್ದ ಹಾವಿನ ತಲೆಯೊಂದು ಮಾತ್ರ ತಿರುಗಲಿಲ್ಲ. ಅದು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ ತಲೆ. ಜೊತೆಗೆ ಅಷ್ಟಿಷ್ಟು ಕುತ್ತಿಗೆಯೂ ಇತ್ತು. ದಪ್ಪ ಅಂದರೆ ಚುಕ್ಕಿಯ ಕಿರುಬೆರಳಿನಷ್ಟು. ದೊಡ್ಡ ದುಂಡು ಕಣ್ಣು, ಕುತ್ತಿಗೆಯ ಪಕ್ಕದಲ್ಲಿ ಸಾಲಾಗಿ ಕಪ್ಪು ಮಚ್ಚೆ, ಮೈಗೆಲ್ಲ ನೀಲಿ ಬೆರೆತ ಬೂದು ಬಣ್ಣ. ಒಂದೊಂದು ಹುರುಪೆಯನ್ನೂ ಎಣಿಸಬಹುದಿತ್ತು.

ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಮಿಸ್ ಅನುಮತಿ ಕೊಟ್ಟಿದ್ದರು. ಚುಕ್ಕಿ ಮುಂದೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ್ದಳು: "ಇದು ಸಪೂರ ಚಾಟಿ ಹಾವು. ಚಾಟಿ ಥರಾ ತೆಳ್ಳಗೆ, ಉದ್ದ. ಇದರಿಂದ ಮನುಷ್ಯರಿಗೆ ತೊಂದರೆ ಇಲ್ಲ. ಇದು ಬರೀ ಸ್ಯಾಂಪಲ್ಲು. ಪೂರ್ತಿ ಹಾವು ನಮ್ಮಮ್ಮ ಮಾಡ್ತಿದಾರೆ. ಮ್ಯೂಸಿಯಂನ ಹೊಸ ಹಾಲ್‌ನಲ್ಲಿ ಇಡ್ತಾರೆ. ಮುಂದಿನ ಶುಕ್ರವಾರ ನಾವೆಲ್ಲ ನೋಡೋಕೆ ಹೋಗ್ತೀವಲ್ಲ, ಅದೇ!"

ಹುಡುಗರು ಕಣ್ಣು ಕಣ್ಣು ಬಿಟ್ಟಿದ್ದರು. ಒಬ್ಬಳು "ಮುಟ್ಟಲಾ?" ಎಂದು ಕೇಳಿ, ಮುಟ್ಟುವ ಮೊದಲೇ ಕಿರುಚಿಕೊಂಡಿದ್ದಳು. ಚುಕ್ಕಿಯ ಕಾಲು ನೆಲದ ಮೇಲಿರಲಿಲ್ಲ. ಅಷ್ಟರಲ್ಲೇ ಕೊನೆಯ ಬೆಂಚಿನಿಂದ ಈ ಮಾತು ಬಂತು.

"ಏನು ತಪ್ಪು?" ಎಂದಳು ಚುಕ್ಕಿ.

"ಬಣ್ಣ. ಆ ಹಾವು ನೀಲಿ ಇರಲ್ಲ. ಹಸಿರು ಇರುತ್ತೆ. ಎಲೆ ಹಸಿರಲ್ಲ, ಒಂಥರಾ..." ಗೋಲಿ ಕೈಯಾಡಿಸಿ ಬಣ್ಣವನ್ನು ಗಾಳಿಯಲ್ಲಿ ಹುಡುಕಿದ. ಸಿಗಲಿಲ್ಲ. "ಒಂಥರಾ ಹಸಿರು. ನಮ್ಮ ಅಂಗಡಿ ಹಿಂದಿನ ಗೋಡೆಯಲ್ಲಿ ದಿನಾ ನೋಡ್ತೀನಿ."

ಗೋಲಿಯ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಮಗನ ಕಣ್ಣುಗಳು ಆಡುವ ಗೋಲಿಯ ಹಾಗೆ ದುಂಡಗೆ ಇದ್ದದ್ದರಿಂದ ಅವನಿಗೆ ಆ ಹೆಸರು ಬಂದಿತ್ತು. ಮಾತು ಕಡಿಮೆ. ಅದಕ್ಕೇ ಅವನು ಬಾಯಿಬಿಟ್ಟರೆ ಎಲ್ಲರೂ ಕೇಳುತ್ತಿದ್ದರು. ಚುಕ್ಕಿಗೆ ಆ ಕ್ಷಣ ಅದೇ ಹಿಡಿಸಲಿಲ್ಲ.

"ಮ್ಯೂಸಿಯಂನವರು ನಿಜವಾದ ಹಾವು ನೋಡ್ಕೊಂಡೇ ಮಾಡಿರ್ತಾರೆ ಕಣೋ," ಎಂದು ಮಿಸ್ ಮಾತು ಮುಗಿಸಿದರು. ಚುಕ್ಕಿ ಮಾತ್ರ ಮುಗಿಸಲಿಲ್ಲ. ಊಟದ ಬೆಲ್ಲು ಹೊಡೆದದ್ದೇ ತಡ, ಗೋಲಿಯ ಡಬ್ಬಿಯ ಎದುರಿಗೆ ಹೋಗಿ ನಿಂತಳು.

"ನಮ್ಮಮ್ಮ ತಪ್ಪೇ ಮಾಡಲ್ಲ. ಗೊತ್ತಾಯ್ತಾ?"

"ನಾನು ನಿಮ್ಮಮ್ಮನ ಬಗ್ಗೆ ಏನೂ ಅನ್ಲಿಲ್ಲ. ಬಣ್ಣದ ಬಗ್ಗೆ ಅಂದೆ."

"ಎರಡೂ ಒಂದೇ. ಬೆಟ್ ಕಟ್ತೀಯಾ? ನಿಂದು ತಪ್ಪಾದ್ರೆ ವರ್ಷಪೂರ್ತಿ ನನ್ನ ಬ್ಯಾಗು ನೀನೇ ಹೊರಬೇಕು."

"ನಿಂದು ತಪ್ಪಾದ್ರೆ?"

ಚುಕ್ಕಿ ಯೋಚಿಸಲೇ ಇಲ್ಲ. ಯೋಚಿಸುವ ಅಗತ್ಯವಾದರೂ ಏನಿತ್ತು? "ಮ್ಯೂಸಿಯಂನಲ್ಲಿ, ಆ ಹಾವಿನ ಮುಂದೇನೇ ನಿಂತು, ಇಡೀ ಕ್ಲಾಸಿಗೆ ಹೇಳ್ತೀನಿ. ನಮ್ಮಮ್ಮ ತಪ್ಪು ಮಾಡಿದ್ರು ಅಂತ!"

"ಅಷ್ಟೆಲ್ಲ ಬೇಡ..." ಎಂದ ಗೋಲಿ.

"ಹೆದರಿಕೊಂಡ್ಯಾ?"

ಸುತ್ತ ನಿಂತಿದ್ದವರು ಹೋ ಎಂದರು. ಅಲ್ಲಿಗೆ ಬೆಟ್ ಕಟ್ಟಿದಂತಾಯಿತು.

*

ಶನಿವಾರ ಬೆಳಿಗ್ಗೆ ಚುಕ್ಕಿ ಎದ್ದಾಗ ಹಾವು ಆಗಲೇ ಕಿಟಕಿ ಪಕ್ಕದ ಮೇಜಿನ ಮೇಲೆ ಬಿಸಿಲು ಕಾಯಿಸುತ್ತಿತ್ತು. ಪೂರ್ತಿ ಹಾವು. ಅಡಿಯಲ್ಲಿ ಹಳೇ ಪೇಪರು. ಸುತ್ತ ಬಣ್ಣದ ತಟ್ಟೆಗಳು, ಹಲ್ಲುಜ್ಜುವ ಹಳೇ ಬ್ರಷ್ಷು, ಕೂದಲು ಒಣಗಿಸುವ ಮೆಷೀನು.

ಅಮ್ಮ ಅದರ ಮೇಲೆ ಬಗ್ಗಿದ್ದಳು. ಕೈಯಲ್ಲೊಂದು ಬ್ರಷ್ಷು, ಬಾಯಲ್ಲಿ ಅಡ್ಡಲಾಗಿ ಇನ್ನೆರಡು. ಹೀಗಿರುವಾಗ ಅಮ್ಮ ಹುಬ್ಬಿನಲ್ಲೇ ಮಾತಾಡುತ್ತಿದ್ದಳು. ಒಂದು ಹುಬ್ಬು ಮೇಲೆ ಹೋದರೆ 'ಏನು?' ಎಂದು ಅರ್ಥ. ಎರಡೂ ಹೋದರೆ 'ಆಮೇಲೆ ಬಾ.'

ಮ್ಯೂಸಿಯಂಗಾಗಿ ಪ್ರಾಣಿಗಳ ಮಾದರಿ ಮಾಡುವುದು ಅಮ್ಮನ ಕೆಲಸ. ಅಲ್ಲಿನ ಕಪ್ಪೆಗಳು, ಮೀನುಗಳು, ತಲೆಕೆಳಗಾಗಿ ನೇತಾಡುವ ಬಾವಲಿಗಳು, ಎಲ್ಲವೂ ಅಮ್ಮನ ಕೈಯಿಂದ ಬಂದವು. ಚುಕ್ಕಿಗೆ ಚುಕ್ಕಿ ಎಂದು ಹೆಸರಾದದ್ದೂ ಆ ಕೆಲಸದಿಂದಲೇ. ಅಂಬೆಗಾಲಿಡುವಾಗಿನಿಂದ ಅವಳ ಮೈಮೇಲೆ ಎಲ್ಲಾದರೂ ಒಂದು ಬಣ್ಣದ ಚುಕ್ಕಿ ಇದ್ದೇ ಇರುತ್ತಿತ್ತು.

ಅಚ್ಚು ತೆಗೆಯುವುದು, ಎರಕ ಹೊಯ್ಯುವುದು ಮ್ಯೂಸಿಯಂನಲ್ಲಿ. ಬಣ್ಣ ಹಚ್ಚುವುದು ಮಾತ್ರ ಮನೆಯಲ್ಲಿ. "ಅಲ್ಲಿರೋದು ಟ್ಯೂಬ್‌ಲೈಟು. ಆ ಬೆಳಕಲ್ಲಿ ಎಲ್ಲಾ ಬಣ್ಣಕ್ಕೂ ಜ್ವರ ಬಂದ ಹಾಗೆ ಕಾಣುತ್ತೆ," ಎನ್ನುತ್ತಿದ್ದಳು ಅಮ್ಮ. ಹೀಗಾಗಿ ಕಪ್ಪೆ ಬಂದರೂ ಮನೆಗೆ, ಬಾವಲಿ ಬಂದರೂ ಮನೆಗೆ. ಅಜ್ಜಿ ಎಲ್ಲವನ್ನೂ ಹೇಗೋ ಸಹಿಸಿಕೊಂಡಿದ್ದಳು. ಹಾವು ಬಂದ ಮೇಲೆ ಮಾತ್ರ ಅವಳು ಕೋಣೆ ದಾಟುವಾಗ ಮುಖವನ್ನು ಗೋಡೆಯ ಕಡೆ ಮಾಡಿಕೊಂಡು ನಡೆಯುತ್ತಿದ್ದಳು.

"ಬೇರೆಯವರ ಮನೇಲಿ ಮೇಜಿನ ಮೇಲೆ ಹೂದಾನಿ ಇರುತ್ತೆ," ಎಂದು ಗೋಡೆಗೆ ಹೇಳುತ್ತಿದ್ದಳು ಅಜ್ಜಿ.

"ಅಮ್ಮಾ, ಗೋಲಿ ಮನೆ ಹತ್ರ ಹೋಗಿ ಬರ್ತೀನಿ," ಎಂದಳು ಚುಕ್ಕಿ.

ಅಮ್ಮ ಬಾಯಿಂದ ಬ್ರಷ್ಷು ತೆಗೆದಳು. ಅಂದರೆ ಖುಷಿಯಾಗಿದ್ದಾಳೆ. "ಹೋಗಿ ಬಾ. ಆಮೇಲೆ ಕೇಳು, ಮ್ಯೂಸಿಯಂನ ದೊಡ್ಡ ಸರ್ ಫೋನ್ ಮಾಡಿದ್ರು. ಈ ಸಲ ಹಾವಿನ ಕೆಳಗೆ ಬೋರ್ಡಿನಲ್ಲಿ ನನ್ನ ಹೆಸರೂ ಹಾಕಿಸ್ತಾರಂತೆ. ಮಾದರಿ ಮಾಡಿದವರು ಅಂತ."

ಚುಕ್ಕಿಗೆ ನಂಬಲಾಗಲಿಲ್ಲ. ಇಷ್ಟು ವರ್ಷ ಬೋರ್ಡುಗಳಲ್ಲಿ ಕಪ್ಪೆಯ ಹೆಸರಿತ್ತು, ಬಾವಲಿಯ ಹೆಸರಿತ್ತು. ಅಮ್ಮನ ಹೆಸರು ಎಲ್ಲೂ ಇರಲಿಲ್ಲ. ಅವಳು ಅಮ್ಮನ ಕುತ್ತಿಗೆಗೆ ಜೋತುಬಿದ್ದಳು.

"ಹಾವು ಮುಟ್ಟೀಯೆ!" ಎಂದರು ಅಮ್ಮ ಮತ್ತು ಅಜ್ಜಿ ಒಟ್ಟಿಗೇ. ಇಬ್ಬರದೂ ಕಾರಣ ಬೇರೆ ಬೇರೆ.

*

ಸೈಕಲ್ ಅಂಗಡಿಯ ಹಿಂದೆ ಹಳೆಯದೊಂದು ಕಲ್ಲುಗೋಡೆ. ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು. ನಡುನಡುವೆ ಸಂದಿಗಳು. ಗೋಡೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹಳೇ ಟೈರುಗಳ ರಾಶಿ. ಗೋಲಿ ಅದರ ಮೇಲೆ ಕೂತಿದ್ದ. ಪಕ್ಕದ ಟೈರಿನ ಧೂಳು ಒರೆಸಿ ಜಾಗ ಮಾಡಿಕೊಟ್ಟ.

"ಇಲ್ಲಿಂದ ಮುಂದೆ ಹೋಗಬಾರದು. ಅಪ್ಪನ ರೂಲ್ಸು," ಎಂದ. "ಅದು ನಮ್ಮ ಹಿತ್ತಲಿನ ಬಾಡಿಗೆದಾರ ಅಂತಾರೆ ಅಪ್ಪ. ಬಾಡಿಗೆ ಕೊಡಲ್ಲ, ಅಷ್ಟೆ."

"ಯಾವಾಗ ಬರುತ್ತೆ?"

"ಕಲ್ಲು ಬಿಸಿಯಾಗಬೇಕು. ಆಮೇಲೆ ಹಾವುರಾಣಿ ಬರುತ್ತೆ. ಅದರ ಹಿಂದೆ ಇದು ಬರುತ್ತೆ."

ಕಾದರು. ಚುಕ್ಕಿ ಟೈರಿನ ಮೇಲೆ ನಾಲ್ಕು ಸಲ ಜಾಗ ಬದಲಿಸಿದಳು. ಅಂಗಡಿಯಲ್ಲಿ ಗೋಲಿಯ ಅಪ್ಪ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು. ಬಿಸಿಲು ನಿಧಾನಕ್ಕೆ ಗೋಡೆಯ ಮೇಲಿನಿಂದ ಕೆಳಗಿಳಿಯಿತು. ಮೈ ಮಿರಮಿರ ಮಿಂಚುವ ಒಂದು ಹಾವುರಾಣಿ ಕಲ್ಲಿನ ಮೇಲೆ ಬಂದು ಹೊಟ್ಟೆ ಹಾಸಿ ಮಲಗಿತು.

"ಈಗ ನೋಡು," ಎಂದು ಪಿಸುಗುಟ್ಟಿದ ಗೋಲಿ.

ಒಂದು ಸಂದಿಯಲ್ಲಿ ತಲೆ ಕಂಡಿತು. ದೊಡ್ಡ ದುಂಡು ಕಣ್ಣು. ಅದು ಗಾಳಿಯ ವಾಸನೆ ನೋಡಲು ನಾಲಿಗೆ ಚಾಚಿತು. ಮೆಲ್ಲಗೆ ಕುತ್ತಿಗೆ ಹೊರಗೆ ಬಂತು, ಮೈ ಬಂತು, ಮತ್ತಷ್ಟು ಮೈ ಬಂತು. ಇಷ್ಟು ಸಣ್ಣ ಹಾವಿನೊಳಗೆ ಇಷ್ಟು ಉದ್ದ ಎಲ್ಲಿತ್ತೋ! ಅದು ತಲೆಯನ್ನು ಕಲ್ಲಿನಿಂದ ಮೇಲೆತ್ತಿ ನಿಂತು ನೋಡಿತು. ಬರೀ ಮೂಸುತ್ತಾ ಹುಡುಕುವ ಹಾವಲ್ಲ ಇದು, ಹಗಲು ಬೆಳಕಿನಲ್ಲಿ ಕಣ್ಣಿಟ್ಟು ನೋಡಿ ಬೇಟೆಯಾಡುವ ಹಾವು.

ಮರುಕ್ಷಣ ಹಾವೂ ಇಲ್ಲ, ಹಾವುರಾಣಿಯೂ ಇಲ್ಲ. ಸರ್ರನೆ ಒಂದು ಗೆರೆ ಗೋಡೆಯ ಉದ್ದಕ್ಕೂ ಹರಿದದ್ದು ಮಾತ್ರ ಕಂಡಿತು. ಹಾವುರಾಣಿ ಸಂದಿಗೆ ನುಗ್ಗಿ ತಪ್ಪಿಸಿಕೊಂಡಿತು. ಹಾವು ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಬಿಸಿಲಿಗೆ ಬಂದು ತಲೆ ಎತ್ತಿತು.

ಚುಕ್ಕಿ ಟೈರಿನ ಮೇಲೆ ಮುಂದಕ್ಕೆ ಬಗ್ಗಿದಳು.

ಹಾವು ಹಸಿರಾಗಿತ್ತು. ಗೋಲಿ ಹೇಳಿದಂತೆಯೇ, ಎಲೆ ಹಸಿರಲ್ಲ, ಒಂಥರಾ ಹಸಿರು. ಕುತ್ತಿಗೆಯಿಂದ ಅರ್ಧ ಮೈಯವರೆಗೆ ಆ ಬಣ್ಣ. ಆಮೇಲೆ ಅದು ಕಂದಾಗುತ್ತಾ ಬಾಲದ ತನಕ ಹೋಗಿತ್ತು. ನೀಲಿ ಎಂಬುದು ಹುಡುಕಿದರೂ ಇರಲಿಲ್ಲ.

ಕುತ್ತಿಗೆಯ ಪಕ್ಕದ ಮಚ್ಚೆಗಳನ್ನು ಚುಕ್ಕಿ ದಿಟ್ಟಿಸಿ ನೋಡಿದಳು. ಮುಂದಿನ ಮಚ್ಚೆ ದೊಡ್ಡದು, ಹಿಂದೆ ಹೋದಂತೆ ಚಿಕ್ಕದು, ಒಂದೊಂದಕ್ಕೂ ತೆಳು ಬಿಳಿ ಅಂಚು. ಅಮ್ಮ ಆ ಅಂಚುಗಳನ್ನು ಉಸಿರು ಬಿಗಿಹಿಡಿದು ಬರೆಯುವುದನ್ನು ಅವಳು ವಾರವಿಡೀ ನೋಡಿದ್ದಳು. ಇದು ಅದೇ ಹಾವು. ಅನುಮಾನವೇ ಇಲ್ಲ.

ಗೋಲಿ ಅವಳ ಮುಖ ನೋಡುತ್ತಿದ್ದ.

"ಇದು ಬೇರೆ ಹಾವು," ಎಂದಳು ಚುಕ್ಕಿ.

ಗೋಲಿ ಮತ್ತೆ ಗೋಡೆಯ ಕಡೆ ತಿರುಗಿದ. "ಇರಬಹುದು," ಎಂದ.

ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಚುಕ್ಕಿ ಬರ್ತೀನಿ ಎಂದೂ ಹೇಳದೆ ಮನೆಗೆ ನಡೆದಳು.

*

ಮಧ್ಯಾಹ್ನ ಚುಕ್ಕಿ ಅನ್ನ ಕಲಸಿ ಹಾಗೇ ಬಿಟ್ಟಳು. ಅಜ್ಜಿ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಬಾಯಿಗೆ ಯಾರೋ ಬೀಗ ಹಾಕಿದಾರೆ, ಅಷ್ಟೆ."

ಅಮ್ಮ ಹಾಡು ಗುನುಗುತ್ತಾ ಕೆಲಸ ಮಾಡುತ್ತಿದ್ದಳು. ಹಾವಿನ ಬಾಲದ ತುದಿ ಮಾತ್ರ ಬಾಕಿ ಉಳಿದಿತ್ತು. ಸೋಮವಾರ ಬೆಳಿಗ್ಗೆ ಮ್ಯೂಸಿಯಂನ ವ್ಯಾನು ಬಂದು ಅದನ್ನು ಒಯ್ಯುವುದಿತ್ತು. ಬೋರ್ಡಿನಲ್ಲಿ ಅಮ್ಮನ ಹೆಸರು. ಚುಕ್ಕಿ ಆ ಬೋರ್ಡನ್ನು ನೆನೆದಳು. ಅದರ ಮುಂದೆ ನಿಂತು ತಾನು ಹೇಳಬೇಕಾದ ಮಾತನ್ನೂ ನೆನೆದಳು.

ಹೇಳದಿದ್ದರೆ? ಗೋಲಿ ಯಾರಿಗೂ ಹೇಳುವವನಲ್ಲ. ನೋಡುವವರಿಗೆ ನೀಲಿಯಾದರೇನು, ಹಸಿರಾದರೇನು? ಆದರೆ ಮ್ಯೂಸಿಯಂಗೆ ಬರುವ ಪ್ರತಿಯೊಬ್ಬರೂ ಅದನ್ನೇ ನಿಜವೆಂದು ನಂಬಿಕೊಂಡು ಹೋಗುತ್ತಾರೆ. ಅದೂ ಅಮ್ಮನ ಹೆಸರು ಓದಿಕೊಂಡು.

"ಅಮ್ಮಾ, ಈ ಹಾವು ಬದುಕಿರೋದನ್ನ ನೀನು ನೋಡಿದೀಯಾ?"

ಅಮ್ಮನ ಒಂದು ಹುಬ್ಬು ಮೇಲೆ ಹೋಯಿತು. ಬಾಯಿಂದ ಬ್ರಷ್ಷು ತೆಗೆದಳು. "ಇಲ್ಲ. ಯಾಕೆ?"

"ಮತ್ತೆ ಬಣ್ಣ ಹೇಗೆ ಗೊತ್ತಾಯ್ತು?"

"ಮ್ಯೂಸಿಯಂನಲ್ಲಿ ಸ್ಪಿರಿಟ್ ತುಂಬಿದ ಜಾಡಿಯಲ್ಲಿ ಒಂದು ಹಾವಿದೆ. ನಾನು ಹುಟ್ಟೋಕೆ ಮುಂಚೆ ಹಾಕಿಟ್ಟಿದ್ದು. ಅಚ್ಚು ತೆಗೆದದ್ದೂ ಅದರಿಂದಲೇ, ಬಣ್ಣ ನೋಡಿದ್ದೂ ಅದನ್ನೇ. ಫೋನಲ್ಲಿ ಹುಡುಕಿದ್ರೆ ಒಂದೊಂದು ಫೋಟೋದಲ್ಲಿ ಒಂದೊಂದು ಬಣ್ಣ. ನಮ್ಮ ಕೆಲಸದಲ್ಲಿ ಫೋಟೋ ನಂಬಬಾರದು ಪುಟ್ಟಾ. ಕಣ್ಣೆದುರಿಗೆ ಇರೋ ವಸ್ತು ನಂಬಬೇಕು."

"ನನ್ನ ಕಣ್ಣೆದುರಿಗೆ ಇದ್ದದ್ದು ಹಸಿರಾಗಿತ್ತು," ಎಂದಳು ಚುಕ್ಕಿ. ಹೇಳುತ್ತಾ ಹೇಳುತ್ತಾ ಅಳುವೇ ಬಂದುಬಿಟ್ಟಿತು. ಗೋಡೆ, ಹಾವುರಾಣಿ, ಮಚ್ಚೆ, ಬೆಟ್, ಬೇರೆ ಹಾವು ಎಂದು ಹೇಳಿದ ಸುಳ್ಳು, ಎಲ್ಲವೂ ಒಂದರ ಮೇಲೊಂದು ಹೊರಗೆ ಬಂದವು.

ಅಮ್ಮನ ಮುಖ ಬಿಗಿಯಾಯಿತು. "ದೊಡ್ಡ ಸರ್ ಸ್ಯಾಂಪಲ್ ನೋಡಿ ಒಪ್ಪಿದಾರೆ. ತಿಂಗಳುಗಟ್ಟಲೆ ಕೂತು ಮಾಡಿದೀನಿ. ಆ ಹುಡುಗ..." ಎಂದು ಶುರುಮಾಡಿ ನಿಲ್ಲಿಸಿದಳು. ಹಾವಿನ ಕಡೆ ನೋಡಿದಳು. ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಒರೆಸಿ, ಬಣ್ಣದ ಮುಚ್ಚಳಗಳನ್ನು ಒಂದೊಂದಾಗಿ ಹಾಕಿದಳು. ಹಾಡು ನಿಂತುಹೋಗಿತ್ತು.

ತಾನು ದೊಡ್ಡ ತಪ್ಪು ಮಾಡಿಬಿಟ್ಟೆ ಎನ್ನಿಸಿತು ಚುಕ್ಕಿಗೆ. ಸುಮ್ಮನಿದ್ದಿದ್ದರೆ ಅಮ್ಮ ಈಗಲೂ ಹಾಡುತ್ತಿದ್ದಳು. ಅವಳು ಹೋಗಿ ಅಜ್ಜಿಯ ಪಕ್ಕ ಮುದುಡಿ ಕೂತಳು.

ಸಂಜೆಯಾದ ಮೇಲೆ ಅಮ್ಮ ಬಂದು ಎದುರಿಗೆ ನಿಂತಳು. "ಆ ಗೋಡೆಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತೆ?"

*

ಭಾನುವಾರ ಟೈರುಗಳ ಮೇಲೆ ಮೂವರಿದ್ದರು. ಅಮ್ಮ ಅಗಲವಾದ ಟೋಪಿ ಹಾಕಿ, ತೊಡೆಯ ಮೇಲೆ ರಟ್ಟಿನ ತುಂಡಿಟ್ಟುಕೊಂಡು, ಅದರ ಮೇಲೆ ಬಣ್ಣಗಳ ಗುಡ್ಡೆ ಹಾಕಿದ್ದಳು. ಬಾಯಲ್ಲಿ ಅದೇ ಎರಡು ಬ್ರಷ್ಷು.

ಗೋಲಿಗೆ ಮೊದಮೊದಲು ಸಂಕೋಚ. ಚುಕ್ಕಿಯ ಕಡೆ ಕದ್ದು ನೋಡಿದ. ಚುಕ್ಕಿ ತನ್ನ ಚಪ್ಪಲಿ ನೋಡಿಕೊಂಡು, "ನಿನ್ನೆ ಸುಳ್ಳು ಹೇಳಿದೆ. ಅದೇ ಹಾವು," ಎಂದಳು. ಗೋಲಿ "ಗೊತ್ತು," ಎಂದ. ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಅವನಿಗೆ ಬಾಯಿ ಬಂತು. "ಆಂಟಿ, ಹೋದ ವರ್ಷ ಆ ಕೆಳಗಿನ ಸಂದಿಯಲ್ಲಿ ಮೊಟ್ಟೆ ಇಟ್ಟಿತ್ತು. ಕೋಳಿಮೊಟ್ಟೆ ಥರಾ ಅಲ್ಲ, ಉದ್ದುದ್ದ. ಮರಿಗಳು ದಾರದ ಹಾಗಿದ್ವು. ಆಂಟಿ, ಇದು ನೋಡಿ," ಎಂದು ತಗಡಿನ ಡಬ್ಬಿ ತೆರೆದ. ಒಳಗೆ ಹಾವಿನ ಪೊರೆ. ಪ್ಲಾಸ್ಟಿಕ್ ಹಾಳೆಯ ಹಾಗೆ ತೆಳ್ಳಗೆ, ಬಣ್ಣವೇ ಇಲ್ಲದ್ದು.

ಅಮ್ಮ ಬಾಯಿಂದ ಬ್ರಷ್ಷು ತೆಗೆದು, ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. "ಇಲ್ಲಿ ನೋಡ್ರೋ. ಕಣ್ಣಿನ ಮೇಲೂ ಪೊರೆ ಇದೆ, ಕೈಗಡಿಯಾರದ ಗಾಜಿನ ಥರಾ. ಹಾವಿಗೆ ರೆಪ್ಪೆ ಇಲ್ಲ. ಈ ಗಾಜೇ ಅದರ ಕಣ್ಣು ಕಾಯೋದು. ಪೊರೆ ಬಿಡುವಾಗ ಹಳೇ ಗಾಜೂ ಬದಲಾಗುತ್ತೆ."

ಗೋಲಿಗೆ ಇದು ಗೊತ್ತಿರಲಿಲ್ಲ. ಅವನ ಕಣ್ಣು ಇನ್ನಷ್ಟು ದುಂಡಗಾಯಿತು.

ಅಮ್ಮ ಬ್ರಷ್ಷುಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಹಾವು ಬರಲಿಲ್ಲ. ಕಲ್ಲು ಬಿಸಿಯಾಯಿತು, ಅಮ್ಮನ ಬಣ್ಣದ ಗುಡ್ಡೆಗಳು ಒಣಗತೊಡಗಿದವು. ಹಾವುರಾಣಿ ಬಂದು ಮಲಗಿ ಎದ್ದು ಹೋಯಿತು. "ಇವತ್ತು ಭಾನುವಾರ, ಅದಕ್ಕೂ ರಜ," ಎಂದು ಅಂಗಡಿಯಿಂದ ಗೋಲಿಯ ಅಪ್ಪ ಕೂಗಿದರು.

ಅದೇ ಹೊತ್ತಿಗೆ ಸಂದಿಯಲ್ಲಿ ತಲೆ ಕಂಡಿತು.

ಚುಕ್ಕಿ ಹಾವನ್ನು ನೋಡಲಿಲ್ಲ. ಅಮ್ಮನನ್ನು ನೋಡಿದಳು. ಬಾಯಿಂದ ಎರಡೂ ಬ್ರಷ್ಷು ಮಡಿಲಿಗೆ ಬಿದ್ದವು. ಅಮ್ಮ ಅವನ್ನು ಎತ್ತಿಕೊಳ್ಳಲೂ ಇಲ್ಲ. ಅವಮಾನವಾಗುತ್ತದೇನೋ, ಸಿಟ್ಟು ಬರುತ್ತದೇನೋ ಎಂದು ಚುಕ್ಕಿ ಕಾದಳು. ಅಮ್ಮನ ಮುಖ ಅರಳಿತು.

"ಅಯ್ಯೋ, ಎಷ್ಟು ಚೆನ್ನಾಗಿದೀಯೇ ನೀನು," ಎಂದಳು ಅಮ್ಮ ಹಾವಿಗೆ, ಬಲು ಮೆಲ್ಲಗೆ.

ಆಮೇಲೆ ಅವಳ ಕೈ ಶುರುವಾಯಿತು. ಮನೆಯಲ್ಲಿ ಹಚ್ಚಿದ್ದ ಅದೇ ನೀಲಿ ಬೂದನ್ನು ರಟ್ಟಿನ ಮೇಲೆ ಎಳೆದಳು. ಅದಕ್ಕೆ ಬ್ರಷ್ಷಿನ ತುದಿಯಷ್ಟು ಹಳದಿ ಬೆರೆಸಿದಳು. ಹಾವು ನೋಡಿದಳು. ಇನ್ನಷ್ಟು ಹಳದಿ. ಮತ್ತೆ ಹಾವು ನೋಡಿದಳು. ಮೂರನೇ ಸಲಕ್ಕೆ ರಟ್ಟಿನ ಮೇಲೆ ಆ 'ಒಂಥರಾ ಹಸಿರು' ಬಂದು ಕೂತಿತು.

"ಇದೇ! ಇದೇ ಆಂಟಿ!" ಗೋಲಿ ಕೂಗಿಯೇಬಿಟ್ಟ. ಹಾವು ಚಾಟಿ ಬೀಸಿದಂತೆ ಮಾಯವಾಯಿತು.

ಅಮ್ಮ ನಕ್ಕಳು. "ನನ್ನ ನೀಲಿ ಸುಳ್ಳಲ್ಲ ಕಣೋ. ಇದರ ಹಸಿರಿನೊಳಗೆ ನೀಲಿಯೂ ಇದೆ, ಹಳದಿಯೂ ಇದೆ. ಅಷ್ಟು ವರ್ಷ ಸ್ಪಿರಿಟ್‌ನಲ್ಲಿ ಕೂತು ಕೂತು ಹಳದಿ ಕರಗಿ ಓಡಿಹೋಗಿದೆ. ನೀಲಿ ಮಾತ್ರ ಉಳ್ಕೊಂಡಿದೆ. ನಾನು ಉಳಿದದ್ದನ್ನ ನೋಡಿದೆ, ಓಡಿಹೋದದ್ದನ್ನ ಯೋಚಿಸಲೇ ಇಲ್ಲ."

ಅವಳು ಇದನ್ನು ಏನೂ ಮುಚ್ಚಿಟ್ಟುಕೊಳ್ಳದೆ, ಕತೆ ಹೇಳುವ ಹಾಗೆ ಹೇಳಿದಳು. ಚುಕ್ಕಿ ಅಮ್ಮನ ಕಡೆಗೇ ನೋಡುತ್ತಿದ್ದಳು.

*

ಮನೆಗೆ ಬಂದ ಕೂಡಲೇ ಅಮ್ಮ ಫೋನ್ ಹಿಡಿದಳು. ದೊಡ್ಡ ಸರ್ ಅಂದರೆ ಮ್ಯೂಸಿಯಂನ ಮುಖ್ಯಸ್ಥರು. ದನಿಯೂ ದೊಡ್ಡದು, ಅಡುಗೆಮನೆಯವರೆಗೂ ಕೇಳುತ್ತಿತ್ತು.

"ಸರ್, ನಾಳೆ ಹಾವು ಬರಲ್ಲ."

"ಹಾವೇ ಲೀವ್ ಹಾಕಿತಾ?" ಎಂದು ಅಜ್ಜಿ ಗೋಡೆಗೆ ಹೇಳಿದಳು.

ಅಮ್ಮ ಎಲ್ಲವನ್ನೂ ವಿವರಿಸಿದಳು. ಆ ಕಡೆಯಿಂದ ಏರಿದ ದನಿ. ಶುಕ್ರವಾರ ಮಕ್ಕಳು ಬರ್ತಾರೆ, ಗಾಜಿನ ಪೆಟ್ಟಿಗೆ ರೆಡಿಯಾಗಿದೆ, ಬಣ್ಣ ಒಂಚೂರು ಆಚೀಚೆ ಆದರೆ ಯಾರಿಗೆ ಗೊತ್ತಾಗುತ್ತೆ ಎಂದೆಲ್ಲ.

"ನಂಗೆ ಗೊತ್ತಾಗುತ್ತೆ ಸರ್," ಎಂದಳು ಅಮ್ಮ. ಒಂದು ಕ್ಷಣ ತಡೆದು, "ಬಣ್ಣ ತಪ್ಪಿದ ಹಾವಿನ ಕೆಳಗೆ ನನ್ನ ಹೆಸರು ಬೇಡ. ಗುರುವಾರ ಸಂಜೆ ತರ್ತೀನಿ. ಆಗಲಿಲ್ಲ ಅಂದ್ರೆ ಪೆಟ್ಟಿಗೆ ಖಾಲಿ ಇರಲಿ."

ಚುಕ್ಕಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವಳಿಗೆ ಓಡಿಹೋಗಿ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಬೇಕೆನ್ನಿಸಿತು. ನಮ್ಮಮ್ಮ ಏನಂದ್ರು ಗೊತ್ತಾ ಎಂದು.

ಪೂರ್ತಿ ಬಣ್ಣ ಕೆರೆದು ತೆಗೆಯಲು ಸಮಯವಿರಲಿಲ್ಲ. ನೀಲಿಯ ಮೇಲೆ ನೀರಿನಷ್ಟು ತೆಳುವಾಗಿ ಹಳದಿ ಹಚ್ಚಬೇಕು, ಒಣಗಿಸಬೇಕು, ಮತ್ತೆ ಹಚ್ಚಬೇಕು. ದಪ್ಪವಾದರೆ ಹುರುಪೆಗಳು ಮುಚ್ಚಿಹೋಗುತ್ತವೆ. ಅಮ್ಮ ಮೊದಲು ಚುಕ್ಕಿಯ ಸ್ಯಾಂಪಲ್ ತಲೆಯ ಮೇಲೆ ಹಚ್ಚಿ ನೋಡಿದಳು, ಎಡಗಡೆ ಮಾತ್ರ. ಎಡಕ್ಕೆ ತಿರುಗಿಸಿದರೆ ಹಸಿರು ಹಾವು, ಬಲಕ್ಕೆ ತಿರುಗಿಸಿದರೆ ನೀಲಿ ಹಾವು.

ದಿನಾ ಸ್ಕೂಲಿನಿಂದ ಬಂದು ಚುಕ್ಕಿ ಒಣಗಿಸುವ ಮೆಷೀನು ಹಿಡಿಯುತ್ತಿದ್ದಳು. ಹತ್ತಿರ ಹಿಡಿದರೆ ಬಣ್ಣ ಬಿರುಕು ಬಿಡುತ್ತದೆ, ದೂರ ಹಿಡಿದರೆ ಒಣಗುವುದಿಲ್ಲ. ಅಮ್ಮನ ಹುಬ್ಬು ನೋಡಿಕೊಂಡು ಅವಳು ಕೈ ಸರಿಸುತ್ತಿದ್ದಳು. ಹಳದಿಯ ಕೆಳಗೆ ಮಸುಕಾದ ಬಿಳಿ ಅಂಚುಗಳನ್ನೆಲ್ಲ ಅಮ್ಮ ಮತ್ತೆ ಬರೆದಳು. ಗುರುವಾರದ ಹೊತ್ತಿಗೆ ಅಮ್ಮನ ಏಪ್ರನ್ನು, ಚುಕ್ಕಿಯ ಕಿವಿ, ಅಜ್ಜಿಯ ಕನ್ನಡಕದ ಡಬ್ಬಿ ಎಲ್ಲಕ್ಕೂ ಹಳದಿ ಹತ್ತಿತ್ತು.

ವ್ಯಾನು ಬರುವ ಮುಂಚೆ ಅಜ್ಜಿ ಮೊದಲ ಸಲ ಗೋಡೆ ಬಿಟ್ಟು ಹಾವಿನ ಕಡೆ ತಿರುಗಿದಳು. ದೂರದಿಂದಲೇ ದಿಟ್ಟಿಸಿ ನೋಡಿದಳು.

"ಈಗ ಸರಿಯಾಗಿ ಹೆದರಿಕೆ ಆಗುತ್ತೆ," ಎಂದಳು. ಅಜ್ಜಿಯಿಂದ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಸಿಗುವ ಹಾಗಿರಲಿಲ್ಲ.

*

ಶುಕ್ರವಾರ ಹೊಸ ಹಾಲ್‌ನಲ್ಲಿ ಇಡೀ ಕ್ಲಾಸು ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿಕೊಂಡಿತ್ತು. ಒಳಗೆ ಕಲ್ಲುಗೋಡೆಯ ಒಂದು ತುಂಡು, ಅದರ ಸಂದಿಯಿಂದ ಹೊರಬಂದು ತಲೆ ಎತ್ತಿ ನಿಂತ ಹಾವು. ಅರ್ಧ ಮೈ ಆ ಹಸಿರು, ಉಳಿದರ್ಧ ಕಂದು. ಪಕ್ಕದಲ್ಲೇ ಹಳೆಯ ಜಾಡಿ. ಅದರಲ್ಲಿ ನೀಲಿಗಟ್ಟಿದ ಹಾವು ಸುರುಳಿ ಸುತ್ತಿ ಮಲಗಿತ್ತು. ಎರಡನ್ನೂ ಒಟ್ಟಿಗೆ ಇಡಬೇಕೆಂದು ಅಮ್ಮನೇ ಹೇಳಿದ್ದಳಂತೆ. ದೊಡ್ಡ ಸರ್ ಗೊಣಗಿಕೊಂಡೇ ಜಾಡಿ ತರಿಸಿದ್ದರಂತೆ.

ಬೋರ್ಡಿನ ಕೆಳಗಿನ ಸಾಲಿನಲ್ಲಿ ಅಮ್ಮನ ಹೆಸರಿತ್ತು. ಚುಕ್ಕಿ ಅದನ್ನು ಮನಸ್ಸಿನಲ್ಲೇ ಓದಿದಳು. ಮತ್ತೊಮ್ಮೆ ಓದಿದಳು.

ಗೋಲಿ ಅವಳ ಪಕ್ಕಕ್ಕೆ ಸರಿದ. "ಬೆಟ್ ಕ್ಯಾನ್ಸಲ್. ಈಗ ಸರಿಯಾಗಿದೆಯಲ್ಲ."

"ಇಲ್ಲ," ಎಂದಳು ಚುಕ್ಕಿ.

ಅವಳು ಗಾಜಿನ ಪೆಟ್ಟಿಗೆಗೆ ಬೆನ್ನು ಮಾಡಿ ನಿಂತಳು. ಬಾಗಿಲ ಬಳಿ ಏಪ್ರನ್ನು ಹಾಕಿಕೊಂಡ ಅಮ್ಮ ಕಂಡಳು. ಚುಕ್ಕಿ ಅಮ್ಮನ ಮುಖ ನೋಡಿದಳು. ಅಮ್ಮನ ಒಂದು ಹುಬ್ಬು ಮೇಲೆ ಹೋಯಿತು. ಆಮೇಲೆ ಅಮ್ಮ ಮೆಲ್ಲಗೆ ತಲೆಯಾಡಿಸಿದಳು.

"ಎಲ್ಲರೂ ಇಲ್ಲಿ ಕೇಳಿ," ಎಂದಳು ಚುಕ್ಕಿ. "ಈ ಹಾವಿಗೆ ನಮ್ಮಮ್ಮ ಮೊದಲು ಬಣ್ಣ ತಪ್ಪಾಗಿ ಹಾಕಿದ್ರು. ಗೋಲಿ ಹೇಳಿದ್ದೇ ಸರಿ."

ಮೂಗುಗಳೆಲ್ಲ ಗಾಜು ಬಿಟ್ಟು ಅವಳ ಕಡೆ ತಿರುಗಿದವು. ಒಂದು ವಾರದಿಂದ ಈ ಮಾತನ್ನು ನೆನೆದಾಗಲೆಲ್ಲ ಚುಕ್ಕಿಗೆ ಹೆದರಿಕೆಯಾಗುತ್ತಿತ್ತು. ಈಗ ಬಾಯಿಂದ ಬಂದ ಮೇಲೆ ಹಾಗೇನೂ ಆಗಲಿಲ್ಲ. ಇನ್ನೂ ಹೇಳಬೇಕೆನ್ನಿಸಿತು. ಜಾಡಿಯನ್ನು ತೋರಿಸಿ ಹಳದಿ ಓಡಿಹೋದ ಕತೆ ಹೇಳಿದಳು. ಟೈರಿನ ಮೇಲೆ ಕಾದದ್ದು, ರಟ್ಟಿನ ಮೇಲೆ ಹಸಿರು ಬಂದದ್ದು, ಪೆಟ್ಟಿಗೆ ಖಾಲಿ ಇರಲಿ ಎಂದು ಅಮ್ಮ ಫೋನಿನಲ್ಲಿ ಅಂದದ್ದು, ಎಲ್ಲ ಹೇಳಿದಳು. ಆ ಫೋನಿನ ಮಾತು ಬಂದಾಗ ದೊಡ್ಡ ಸರ್ ಕೆಮ್ಮಿ, ಪಕ್ಕದ ಮೀನಿನ ಪೆಟ್ಟಿಗೆಯನ್ನು ನೋಡತೊಡಗಿದರು.

ಜೇಬಿನಿಂದ ಚುಕ್ಕಿ ಆ ಸ್ಯಾಂಪಲ್ ತಲೆ ತೆಗೆದಳು. ಒಂದು ಕಡೆ ನೀಲಿ, ಒಂದು ಕಡೆ ಹಸಿರು. "ಇದು ನಿಂಗೆ. ಅಮ್ಮ ಕೊಟ್ಟಿದ್ದು," ಎಂದು ಗೋಲಿಯ ಕೈಯಲ್ಲಿಟ್ಟಳು. ಗೋಲಿ ಅದನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಯಾರಿಗೂ ಮುಟ್ಟಲು ಕೊಡಲಿಲ್ಲ.

ಸಾಲಾಗಿ ಹೊರಗೆ ಹೋಗುವಾಗ, ಹೋದ ವಾರ ಮುಟ್ಟುವ ಮೊದಲೇ ಕಿರುಚಿಕೊಂಡಿದ್ದ ಹುಡುಗಿ ಚುಕ್ಕಿಯ ತೋಳು ಹಿಡಿದಳು. "ಏ, ನಮ್ಮಮ್ಮ ತಪ್ಪೇ ಮಾಡಲ್ಲ ಅಂತಿದ್ದೆಯಲ್ಲೇ?"

ಚುಕ್ಕಿ ಹಿಂದಿರುಗಿ ನೋಡಿದಳು. ಅಮ್ಮ ಪೆಟ್ಟಿಗೆಯ ಬಳಿ ಒಬ್ಬಳೇ ನಿಂತು, ಗಾಜಿನ ಮೇಲೆ ಉಳಿದಿದ್ದ ಮಕ್ಕಳ ಮೂಗಿನ ಗುರುತುಗಳನ್ನು ಏಪ್ರನ್ನಿನ ತುದಿಯಿಂದ ಒರೆಸುತ್ತಿದ್ದಳು.

"ಮಾಡ್ತಾರೆ," ಎಂದಳು ಚುಕ್ಕಿ, ತಲೆ ಎತ್ತಿ.

ಗಾಜಿನೊಳಗೆ ಹಾವೂ ತಲೆ ಎತ್ತಿಯೇ ಇತ್ತು.